ಕೈಗಾ ಬೇಡ ಅಂತ 87ನೇ ವಯಸ್ಸಿನಲ್ಲಿ ಚುನಾವಣೆಗೆ ನಿಂತಿದ್ದ ಶಿವರಾಮ ಕಾರಂತರು

ಕಿತ್ತೂರು ವಿಧಾನಸಭಾ ಕ್ಷೇತ್ರದ ಮಂದಿ ಲೋಕಸಭೆ ಚುನಾವಣೆ ಬಂದಾಗ ಬೆಳಗಾವಿ ಅಭ್ಯರ್ಥಿಗೆ ಮತ ಹಾಕೋದಿಲ್ಲ. ಅವರ ಮತ ಹಳಿಯಾಳ, ಶಿರಸಿ, ಕಾರವಾರದವರ ಮತದ ಜೊತೆ ಸೇರಿ ಉತ್ತರ ಕನ್ನಡ ಕ್ಷೇತ್ರಕ್ಕೆ ಹೋಗ್ತದೆ. ಬೈಲಹೊಂಗಲ, ಸವದತ್ತಿ, ರಾಮದುರ್ಗದವರದು ಬೆಳಗಾವಿ. ಇದು ಎಲ್ಲರಿಗೂ ಗೊತ್ತಿರೋದೇ. ಆದರೆ ಅದೇ ಉತ್ತರ ಕನ್ನಡ ಕ್ಷೇತ್ರಕ್ಕೆ ಕೆನರಾ ಅಂತ ಹೆಸರಿದ್ದ ಕಾಲದಲ್ಲಿ, 1989ರಲ್ಲಿ, ಜ್ಞಾನಪೀಠ ಪಡೆದ ಸಾಹಿತಿಯೊಬ್ಬರು 87ನೇ ವಯಸ್ಸಿನಲ್ಲಿ ಚುನಾವಣೆಗೆ ನಿಂತಿದ್ದರು ಅನ್ನೋದು ಈಗಿನ ಹುಡುಗರಿಗೆ ಅಷ್ಟಾಗಿ ಗೊತ್ತಿಲ್ಲ. ರಸ್ತೆಗಾಗಲಿ, ಸಾಲ ಮನ್ನಾಕ್ಕಾಗಲಿ, ಜಾತಿಯ ಲೆಕ್ಕ ಹಾಕಿಯಾಗಲಿ ಅವರು ನಿಂತದ್ದಲ್ಲ. ಕೈಯಲ್ಲಿದ್ದದ್ದು ಅಣು ವಿದ್ಯುತ್ ಸ್ಥಾವರದ ಒಂದೇ ಪ್ರಶ್ನೆ. ಸೋತರು.

ಅವರು ಕೋಟ ಶಿವರಾಮ ಕಾರಂತರು. ಶಾಲೆಯ ಪಠ್ಯದಲ್ಲಿ ಹೆಸರು ಓದಿದವರು ಬಹಳ. 'ಚೋಮನ ದುಡಿ' ಸಿನಿಮಾ ನೋಡಿದವರು ಹಳೇ ಮಂದಿ. ಶಿವರಾಜ್‌ಕುಮಾರ್ ಅವರ 'ಚಿಗುರಿದ ಕನಸು' ನೋಡಿದವರು ಅದು ಯಾರ ಕಾದಂಬರಿ ಅಂತ ಕೇಳಿರಲಿಕ್ಕಿಲ್ಲ. ಅದೂ ಕಾರಂತರದೇ.

ಹುಟ್ಟಿದ್ದು 1902ರ ಅಕ್ಟೋಬರ್ 10ರಂದು, ಈಗಿನ ಉಡುಪಿ ಜಿಲ್ಲೆಯ ಕೋಟದಲ್ಲಿ. ತಂದೆ ಶೇಷ ಕಾರಂತ, ತಾಯಿ ಲಕ್ಷ್ಮಮ್ಮ. ಮಂಗಳೂರಿನ ಸರಕಾರಿ ಕಾಲೇಜಿಗೆ ಸೇರಿದ ಹುಡುಗ ಗಾಂಧೀಜಿಯ ಅಸಹಕಾರ ಚಳವಳಿಯ ಕರೆ ಕೇಳಿ ಕಾಲೇಜು ಬಿಟ್ಟರು. ಮತ್ತೆ ಆ ಕಡೆ ತಿರುಗಿ ನೋಡಲಿಲ್ಲ. ಡಿಗ್ರಿ ಇಲ್ಲ, ವಿಜ್ಞಾನ ಅಂತೂ ಕಾಲೇಜಿನಲ್ಲಿ ಕಲಿತದ್ದೇ ಅಲ್ಲ. ಮುಂದೆ ಇದೇ ಮನುಷ್ಯ ಕನ್ನಡಕ್ಕೆ ನಾಲ್ಕು ಸಂಪುಟದ ವಿಜ್ಞಾನ ಕೋಶ ಬರೆದುಕೊಟ್ಟರು ಅನ್ನೋದನ್ನ ಇಲ್ಲಿ ನೆನಪಿಡಬೇಕು, ಯಾಕಂದರೆ ಕೊನೆಗಾಲದಲ್ಲಿ ಇವರಿಗೇ ವಿಜ್ಞಾನ ವಿರೋಧಿ ಅನ್ನೋ ಹಣೆಪಟ್ಟಿ ಬಂತು.

ಮೊದಮೊದಲು ಖಾದಿ ಪ್ರಚಾರ, 'ವಸಂತ' ಅನ್ನೋ ಪತ್ರಿಕೆ, ನಾಟಕ. ಆಮೇಲೆ ಪುತ್ತೂರಿಗೆ ಬಂದು ಬಾಲವನ ಕಟ್ಟಿದರು. ಮಕ್ಕಳಿಗೆ ಆಟ, ಹಾಡು, ಕುಣಿತದ ಜೊತೆ ಪಾಠ. 1936ರಲ್ಲಿ ಲೀಲಾ ಅವರನ್ನು ಮದುವೆಯಾದರು, ಜಾತಿ ಮೀರಿದ ಮದುವೆ. ಆ ಕಾಲಕ್ಕೆ ಸಣ್ಣ ಮಾತಲ್ಲ. 'ಚೋಮನ ದುಡಿ', 'ಮರಳಿ ಮಣ್ಣಿಗೆ', 'ಬೆಟ್ಟದ ಜೀವ', 'ಮೂಕಜ್ಜಿಯ ಕನಸುಗಳು' ಒಂದಾದ ಮೇಲೊಂದು ಬಂದವು. ಯಕ್ಷಗಾನದ ಮೇಲೆ ಮಾಡಿದ ಕೆಲಸಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಧಾರವಾಡದ ಬೇಂದ್ರೆಯವರಿಗೆ 1973ರ ಜ್ಞಾನಪೀಠ ಬಂದ ನಾಲ್ಕು ವರ್ಷಕ್ಕೆ, 1977ರಲ್ಲಿ, ಕಾರಂತರಿಗೂ ಬಂತು. ಸಾಹಿತ್ಯದ ಬಗ್ಗೆ ಬರೆಯುವವರು ಬೇಕಾದಷ್ಟು ಮಂದಿ ಇದ್ದಾರೆ, ಇಲ್ಲಿ ಅದು ಸಾಕು.

ವಿಜ್ಞಾನದ ಕಡೆ ಬರೋಣ. 1936ರಲ್ಲಿ ಮಕ್ಕಳಿಗಾಗಿ 'ಬಾಲ ಪ್ರಪಂಚ' ಮೂರು ಸಂಪುಟ. ಕನ್ನಡದಲ್ಲಿ ಅಂಥದ್ದು ಅದೇ ಮೊದಲು ಅನ್ನಬಹುದು. 1959ರಿಂದ ಮುಂದೆ ದೊಡ್ಡವರಿಗಾಗಿ 'ವಿಜ್ಞಾನ ಪ್ರಪಂಚ' ನಾಲ್ಕು ಸಂಪುಟ. ಗ್ರಹ, ನಕ್ಷತ್ರ, ಬಂಡೆ, ಗಿಡ, ಪ್ರಾಣಿ, ಅಣು, ಎಲ್ಲ ಅದರಲ್ಲಿ. ಒಬ್ಬರೇ ಕೂತು ಬರೆದದ್ದು. ವಯಸ್ಸಾದ ಮೇಲೂ 'ತರಂಗ' ವಾರಪತ್ರಿಕೆಯಲ್ಲಿ ಕಾರಂತಜ್ಜ ಅಂತ ಮಕ್ಕಳು ಕೇಳಿದ ಪ್ರಶ್ನೆಗಳಿಗೆ ಉತ್ತರ ಬರೀತಿದ್ದರು. ದೇವರ ಬಗ್ಗೆ ಕೇಳಿದರೂ, ಗುಡುಗಿನ ಬಗ್ಗೆ ಕೇಳಿದರೂ ತಮಗೆ ಖಾತ್ರಿ ಇದ್ದಷ್ಟೇ ಹೇಳೋದು ಅವರ ರೀತಿ.

ಇನ್ನೊಂದು ಕೆಲಸ ಬಹಳ ಮಂದಿಯ ಗಮನಕ್ಕೆ ಬರದೆ ಉಳಿದಿದೆ. ಅಮೆರಿಕದ ಕಡಲ ವಿಜ್ಞಾನಿ ರೇಚಲ್ ಕಾರ್ಸನ್ 1951ರಲ್ಲಿ ಸಮುದ್ರದ ಬಗ್ಗೆ ಬರೆದ ಪುಸ್ತಕವನ್ನು ಕಾರಂತರು 'ನಮ್ಮ ಸುತ್ತಲಿನ ಕಡಲು' ಅಂತ ಕನ್ನಡಕ್ಕೆ ತಂದರು. ಆ ಪುಸ್ತಕದಲ್ಲಿ ಒಂದು ಅಧ್ಯಾಯ ಇದೆ. ಸಮುದ್ರ ಹೇಗೆ ಭೂಮಿಯ ಬಿಸಿಯನ್ನ ಹಿಡಿದಿಟ್ಟು ಹಂಚುತ್ತದೆ, ಉತ್ತರ ಧ್ರುವದ ಕಡೆ ಮಂಜು ಹೇಗೆ ಹಿಂದೆ ಸರಿಯುತ್ತಾ ಬಂದಿದೆ, ಮೀನುಗಳು ಹೇಗೆ ತಣ್ಣನೆ ನೀರು ಹುಡುಕಿಕೊಂಡು ಮೇಲಕ್ಕೆ ಹೋಗ್ತಿವೆ ಅನ್ನೋದು ಅದರಲ್ಲಿದೆ. ಕಾರ್ಸನ್ ಆಗ ಅದಕ್ಕೆ ಕಾರಣ ಹುಡುಕಿದ್ದು ಸಮುದ್ರದ ಉಬ್ಬರ ಇಳಿತದಲ್ಲಿ, ಕಲ್ಲಿದ್ದಲಿನ ಹೊಗೆಯಲ್ಲಲ್ಲ. ಹೊಗೆಯ ಲೆಕ್ಕ ಪಕ್ಕಾ ಆಗಿದ್ದು ಆಮೇಲೆ. 1958ರಲ್ಲಿ ಹವಾಯಿ ದ್ವೀಪದ ಮೌನಾ ಲೋವಾ ಬೆಟ್ಟದ ಮೇಲೆ ಗಾಳಿ ಅಳೆಯೋ ಕೆಲಸ ಶುರುವಾದಾಗ ಹತ್ತು ಲಕ್ಷ ಪಾಲಿನಲ್ಲಿ ಇಂಗಾಲದ ಡೈಆಕ್ಸೈಡ್ 315 ಪಾಲು ಇತ್ತು. ಈಗ 420 ದಾಟಿದೆ. ಅಂದರೆ ಭೂಮಿಯ ಹವಾ ಬದಲಾಗ್ತದೆ, ಅದು ಮನುಷ್ಯನ ಆಯುಷ್ಯದಲ್ಲೇ ಕಾಣಿಸ್ತದೆ ಅನ್ನೋ ಮಾತು ಕನ್ನಡ ಓದುಗರ ಕೈಗೆ ಬಂದು ದಶಕಗಳೇ ಆದವು. ಪುಸ್ತಕ ಇತ್ತು. ಓದಿದವರು ಕಡಿಮೆ, ತಲೆಕೆಡಿಸಿಕೊಂಡವರು ಇನ್ನೂ ಕಡಿಮೆ.

ಅದೇ ಕಾರ್ಸನ್ 1962ರಲ್ಲಿ ಕೀಟನಾಶಕಗಳ ಬಗ್ಗೆ ಬರೆದಾಗ ಔಷಧ ಕಂಪನಿಗಳು ಆಕೆಯ ಮೇಲೆ ಮುಗಿಬಿದ್ದವು. ಪುಸ್ತಕದ ಲೆಕ್ಕ ತಪ್ಪು ಅಂತ ತೋರಿಸೋದಕ್ಕಿಂತ ಆಕೆ ಹೆಂಗಸು, ಭಾವುಕಳು ಅನ್ನೋದೇ ಹೆಚ್ಚಾಯ್ತು. 1964ರಲ್ಲಿ ಆಕೆ ತೀರಿಕೊಂಡರು. ಅಂಥ ಪಾಳಿ ಎರಡು ದಶಕದ ಮೇಲೆ ಆಕೆಯ ಕನ್ನಡ ಅನುವಾದಕನಿಗೂ ಬಂತು.

ಕಾರಂತರು ಪರಿಸರದ ಹೋರಾಟಕ್ಕೆ ಇಳಿದದ್ದು ಎಂಬತ್ತರ ಆಸುಪಾಸಿನ ವಯಸ್ಸಿನಲ್ಲಿ. ಸರಕಾರಕ್ಕೆ ಎದುರು ನಿಲ್ಲೋದು ಅವರಿಗೆ ಹೊಸದಲ್ಲ. ತುರ್ತು ಪರಿಸ್ಥಿತಿ ಹೇರಿದಾಗ ಪದ್ಮಭೂಷಣ ವಾಪಸ್ ಕೊಟ್ಟವರು. ನಮ್ಮ ಕಡೆಯವರಿಗೆ ಹತ್ತಿರದ ಪ್ರಕರಣ ಒಂದಿದೆ. 1984ರಲ್ಲಿ ರಾಜ್ಯ ಅರಣ್ಯ ನಿಗಮ ಮತ್ತು ಹರಿಹರ ಪಾಲಿಫೈಬರ್ಸ್ ಸೇರಿ ಕರ್ನಾಟಕ ಪಲ್ಪ್‌ವುಡ್ ಅನ್ನೋ ಕಂಪನಿ ಮಾಡಿದವು. ಸುಮಾರು 30,000 ಹೆಕ್ಟೇರ್ ಸರಕಾರಿ ಜಾಗದಲ್ಲಿ ನೀಲಗಿರಿ ಬೆಳೆಸಿ ಕಾರ್ಖಾನೆಗೆ ಕೊಡೋ ಯೋಜನೆ. ಆ ಜಾಗದಲ್ಲಿ ದನ ಮೇಯಿಸೋರು, ಕಟ್ಟಿಗೆ ತರೋರು ಎಲ್ಲಿಗೆ ಹೋಗಬೇಕು ಅಂತ ಧಾರವಾಡದ ಸಮಾಜ ಪರಿವರ್ತನ ಸಮುದಾಯ ಕೇಳಿತು. 1986ರಲ್ಲಿ ಸುಪ್ರೀಂ ಕೋರ್ಟಿಗೆ ಹೋದ ಅರ್ಜಿದಾರರಲ್ಲಿ ಶಿವರಾಮ ಕಾರಂತರೂ ಒಬ್ಬರು. 1987ರ ನವೆಂಬರ್ 14ರಂದು ಹಾನಗಲ್ ತಾಲೂಕಿನ ಕುಸನೂರಿನಲ್ಲಿ ಊರ ಮಂದಿ ನೀಲಗಿರಿ ಸಸಿ ಕಿತ್ತು ಬೇರೆ ಗಿಡ ಹಚ್ಚಿದರು. ಕಿತ್ತಿಕೊ ಹಚ್ಚಿಕೊ ಅಂತ ಅದಕ್ಕೆ ಹೆಸರು. ಕೊನೆಗೆ 1991ರಲ್ಲಿ ಆ ಕಂಪನಿ ಮುಚ್ಚಿತು. ಗೆದ್ದ ಹೋರಾಟ ಅದು. ಗೆದ್ದದ್ದು ಯಾಕೆ ಅಂದರೆ ಹುಲ್ಲುಗಾವಲು ಹೋದರೆ ದನಕ್ಕೆ ಮೇವಿಲ್ಲ ಅನ್ನೋದು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಕೈಗಾದ ಕಥೆ ಹಾಗಲ್ಲ.

ಕಾರವಾರ ತಾಲೂಕಿನ ಕೈಗಾ, ಕಾಳಿ ನದಿಯ ದಂಡೆ, ಸುತ್ತ ದಟ್ಟ ಕಾಡು. ಅಲ್ಲಿ ತಲಾ 220 ಮೆಗಾವ್ಯಾಟ್‌ನ ಅಣು ಘಟಕಗಳು ಬರ್ತವೆ ಅಂತ ಆಯ್ತು. 1986ರ ಏಪ್ರಿಲ್‌ನಲ್ಲಿ ಸೋವಿಯತ್ ಒಕ್ಕೂಟದ ಚೆರ್ನೋಬಿಲ್ ಸ್ಥಾವರ ಸ್ಫೋಟಿಸಿ ಜಗತ್ತೇ ಹೆದರಿತ್ತು. ಶಿರಸಿ, ಯಲ್ಲಾಪುರ ಕಡೆಯ ಅಡಿಕೆ ಬೆಳೆಗಾರರು, ಕರಾವಳಿಯ ಮೀನುಗಾರರು, ಕಾಲೇಜು ಹುಡುಗರು, ಕೆಲವು ವಿಜ್ಞಾನಿಗಳು ಪ್ರಶ್ನೆ ಕೇಳಲಿಕ್ಕೆ ಶುರುಮಾಡಿದರು. ಈಗಾಗಲೇ ಕಾಳಿಗೆ ಅಣೆಕಟ್ಟುಗಳು ಬಂದಿವೆ, ಈ ಕಾಡೇ ಯಾಕೆ ಬೇಕಿತ್ತು? ಉರಿದ ಇಂಧನದ ತ್ಯಾಜ್ಯ ಸಾವಿರಾರು ವರ್ಷ ಎಲ್ಲಿಡ್ತೀರಿ? ಬಿಸಿನೀರು ಬಿಟ್ಟರೆ ಮೀನಿನ ಗತಿ ಏನು? ಅವಘಡ ಆದರೆ ಮಂದಿಯನ್ನ ಯಾವ ರಸ್ತೆಯಲ್ಲಿ ಕರಕೊಂಡು ಹೋಗ್ತೀರಿ? ಕಾರಂತರು ಈ ಮಂದಿಯ ಮುಂದಾಳಾದರು. ಊರೂರು ತಿರುಗಿದರು.

ಉತ್ತರ ಕೊಡಬೇಕಾದ ಅಣುಶಕ್ತಿ ಇಲಾಖೆಯ ಕೈಯಲ್ಲಿ 1962ರ ಅಣುಶಕ್ತಿ ಕಾಯ್ದೆ ಇತ್ತು. ಬೇಕಾದ ಮಾಹಿತಿಯನ್ನ ಗುಟ್ಟಾಗಿ ಇಡೋ ಅಧಿಕಾರ ಅದರಲ್ಲೇ ಇದೆ. ಸುರಕ್ಷತೆ ನೋಡಿಕೊಳ್ಳಲಿಕ್ಕೆ 1983ರಲ್ಲಿ ಅಣುಶಕ್ತಿ ನಿಯಂತ್ರಣ ಮಂಡಳಿ ಮಾಡಿದ್ದರು, ಆದರೆ ಅದು ವರದಿ ಒಪ್ಪಿಸೋದು ಅದೇ ಅಣುಶಕ್ತಿ ಆಯೋಗಕ್ಕೆ. ಪರೀಕ್ಷೆ ಬರೆಯೋರೂ ಅವರೇ, ಪೇಪರ್ ತಿದ್ದೋರೂ ಅವರೇ. ಪ್ರಶ್ನೆ ಕೇಳಿದವರು ಅಭಿವೃದ್ಧಿ ವಿರೋಧಿಗಳಾದರು, ವಿಜ್ಞಾನ ತಿಳಿಯದವರಾದರು. ವಿಜ್ಞಾನ ಪ್ರಪಂಚ ಬರೆದವರನ್ನೂ ಸೇರಿಸಿಯೇ. ವಾದ ಮಾಡೋದಕ್ಕಿಂತ ಹಣೆಪಟ್ಟಿ ಹಚ್ಚೋದು ಸಸ್ತಾ ಅನ್ನೋದು ಆಗಲೇ ಎಲ್ಲರಿಗೂ ಗೊತ್ತಿತ್ತು.

ಇದೇ ಹೊತ್ತಿಗೆ ಹೊರಗಡೆ ಇನ್ನೊಂದು ನಾಟಕ ನಡೀತಿತ್ತು. 1988ರಲ್ಲಿ ಅಮೆರಿಕದ ವಿಜ್ಞಾನಿ ಜೇಮ್ಸ್ ಹಾನ್ಸೆನ್ ಅಲ್ಲಿನ ಸಂಸತ್ತಿನ ಮುಂದೆ ಹೋಗಿ ಭೂಮಿ ಬಿಸಿಯಾಗ್ತಿದೆ ಅಂತ ಸಾಕ್ಷಿ ಹೇಳಿದರು. ಅದೇ ವರ್ಷ ವಿಶ್ವಸಂಸ್ಥೆ ಹವಾಮಾನ ಬದಲಾವಣೆಯ ಸಮಿತಿ ಮಾಡಿತು. ಮರುವರ್ಷ 1989ರಲ್ಲಿ ತೈಲ, ಕಲ್ಲಿದ್ದಲು, ಕಾರು ಕಂಪನಿಗಳು ಒಂದು ಒಕ್ಕೂಟ ಕಟ್ಟಿಕೊಂಡು ವಿಜ್ಞಾನಿಗಳ ಮಾತು ಇನ್ನೂ ಖಾತ್ರಿ ಇಲ್ಲ ಅಂತ ಪ್ರಚಾರಕ್ಕೆ ಇಳಿದವು. ಅಲ್ಲಿ ಅಧಿಕಾರ ಇದ್ದವರು ಖಾತ್ರಿ ಇರೋದನ್ನ ಅನುಮಾನ ಮಾಡಿದರು. ಇಲ್ಲಿ ಅಧಿಕಾರ ಇದ್ದವರು ಅನುಮಾನ ಇರೋದನ್ನೆಲ್ಲ ಖಾತ್ರಿ ಅಂದರು. ಮೇಲ್ನೋಟಕ್ಕೆ ಉಲ್ಟಾ, ಆದರೆ ಎರಡೂ ಕಡೆ ವಿಜ್ಞಾನಿಯ ಬಾಯಿಂದ ಏನು ಬರಬೇಕು ಅನ್ನೋದು ಮೊದಲೇ ತೀರ್ಮಾನ ಆಗಿತ್ತು.

ಮಾತು ಯಾರೂ ಕೇಳದಿದ್ದಾಗ ಕಾರಂತರು 1989ರ ಕೊನೆಯ ಲೋಕಸಭೆ ಚುನಾವಣೆಗೆ ನಾಮಪತ್ರ ಹಾಕಿದರು. ದೊಡ್ಡ ಪಕ್ಷದ ಟಿಕೆಟ್ ಇಲ್ಲ. ಆ ವರ್ಷ ದೇಶದ ತುಂಬಾ ಬೋಫೋರ್ಸ್ ಗದ್ದಲ. ರಾಜ್ಯದಲ್ಲಿ ವಿಧಾನಸಭೆ ಚುನಾವಣೆಯೂ ಜೊತೆಗೇ ಬಂತು. ಗಾಳಿ ಕಾಂಗ್ರೆಸ್ ಕಡೆ ಬೀಸಿತು. ರಾಜ್ಯದ 28 ಲೋಕಸಭೆ ಸೀಟಿನಲ್ಲಿ 27 ಕಾಂಗ್ರೆಸ್ಸಿಗೇ ಹೋದವು. ಕೆನರಾದಲ್ಲಿ 1980ರಿಂದ ಗೆಲ್ಲುತ್ತಾ ಬಂದಿದ್ದ ಜಿ. ದೇವರಾಯ ನಾಯ್ಕರು ಮತ್ತೆ ಗೆದ್ದರು. ಜ್ಞಾನಪೀಠದ ಹೆಸರಿದ್ದರೂ ಕಾರಂತರು ಸೋತರು.

ಅವರ ಮೇಲೆ ಮಂದಿಗೆ ಸಿಟ್ಟಿತ್ತು ಅಂತಲ್ಲ. ಮರ್ಯಾದೆ ಇತ್ತು. ಸನ್ಮಾನಕ್ಕೆ ಕರೆದರೆ ಸಭಾಭವನ ತುಂಬುತ್ತಿತ್ತು. ಮತ ಹಾಕೋ ಹೊತ್ತಿಗೆ ಮಾತ್ರ ಅಣು ವಿಕಿರಣ ಅನ್ನೋದು ದೂರದ ಮಾತಾಯ್ತು. ಕಣ್ಣಿಗೆ ಕಾಣೋದಿಲ್ಲ, ವಾಸನೆ ಇಲ್ಲ, ನಾಳೆಯೇ ಏನೂ ಆಗೋದಿಲ್ಲ. ಹುಲ್ಲುಗಾವಲು ಹೋದರೆ ಅದೇ ದಿನ ಸಂಜೆ ದನ ಹಸಿದು ಕೂಗ್ತದೆ. ಕುಸನೂರಿಗೂ ಕೈಗಾಕ್ಕೂ ಇದ್ದ ಫರಕು ಅದು. ಹವಾಮಾನ ಬದಲಾವಣೆ ಅನ್ನೋದು ಕೈಗಾಕ್ಕಿಂತಲೂ ದೂರದ ಮಾತಾಗಿ ನಮ್ಮ ಸಂತೆಯಲ್ಲಿ, ಅಡತಿ ಅಂಗಡಿಯಲ್ಲಿ ಇವತ್ತಿಗೂ ಉಳಿದಿರೋದಕ್ಕೆ ಕಾರಣವೂ ಹೆಚ್ಚುಕಮ್ಮಿ ಅದೇ.

ಕೈಗಾದ ಕೆಲಸ ನಿಲ್ಲಲಿಲ್ಲ. ಆದರೆ 1994ರ ಮೇ 13ರಂದು ಮೊದಲ ಘಟಕದ ಗುಮ್ಮಟದ ಒಳಮೈ ಕಟ್ಟುತ್ತಿದ್ದಾಗಲೇ ಕಳಚಿ ಬಿತ್ತು. ನೂರು ಟನ್ನಿಗೂ ಮಿಕ್ಕಿದ ಕಾಂಕ್ರೀಟು. ಇಂಧನ ಇನ್ನೂ ತುಂಬಿರಲಿಲ್ಲ, ಹಾಗಾಗಿ ವಿಕಿರಣದ ಮಾತು ಬರಲಿಲ್ಲ. ಅವಘಡದಲ್ಲಿ ವಿಕಿರಣ ಹೊರಗೆ ಹೋಗದಂತೆ ತಡೆಯಬೇಕಾದ ಗುಮ್ಮಟ ಅದೇ. ಖಾತ್ರಿ ಕೊಟ್ಟವರ ಕಣ್ಣೆದುರೇ ಬಿದ್ದದ್ದು. ವಿನ್ಯಾಸ ಬದಲಾಯ್ತು, ವರ್ಷಗಟ್ಟಲೆ ಕೆಲಸ ಹಿಂದೆ ಬಿತ್ತು. ಆಗ ಕಾರಂತರಿಗೆ 91 ವರ್ಷ. ಪ್ರಶ್ನೆ ಕೇಳಿದ್ದರಲ್ಲಿ ಅರ್ಥ ಇತ್ತು ಅಂತ ಕೆಲವರಿಗಾದರೂ ಅನಿಸಿದ್ದು ಆಮೇಲೆ.

ಆದರೆ ಲೆಕ್ಕ ಅಲ್ಲಿಗೇ ಮುಗಿಸಿ ಕಾರಂತರೇ ಸರಿ ಅಂತ ಶರಾ ಬರೆದರೆ ಅದೂ ಪೂರ್ತಿ ಆಗೋದಿಲ್ಲ. ಕೈಗಾ 2000ದಲ್ಲಿ ವಿದ್ಯುತ್ ಮಾರಾಟಕ್ಕೆ ಶುರುಮಾಡಿತು, ನಾಲ್ಕು ಘಟಕ ಸೇರಿ ಈಗ 880 ಮೆಗಾವ್ಯಾಟ್. ಗುಮ್ಮಟ ಬಿದ್ದಿದ್ದ ಅದೇ ಮೊದಲ ಘಟಕ 2016ರ ಮೇ 13ರಿಂದ 2018ರ ಡಿಸೆಂಬರ್ 31ರವರೆಗೆ 962 ದಿನ ಒಂದೇ ಸಮನೆ ಓಡಿ ವಿಶ್ವದಾಖಲೆ ಮಾಡಿತು. ತಾರೀಖು ನೋಡಿ, ಅದೂ ಮೇ 13. ಅದಕ್ಕಿಂತ ದೊಡ್ಡ ಮಾತು ಏನಂದರೆ ಅಣು ವಿದ್ಯುತ್ತಿನಲ್ಲಿ ಕಲ್ಲಿದ್ದಲಿನ ಹೊಗೆ ಇಲ್ಲ. ಭೂಮಿ ಬಿಸಿಯಾಗೋದನ್ನ ತಡೆಯಲಿಕ್ಕೆ ಅದೂ ಒಂದು ದಾರಿ ಅಂತ ಇವತ್ತು ಹವಾಮಾನ ವಿಜ್ಞಾನಿಗಳಲ್ಲೇ ಬಹಳ ಮಂದಿ ಹೇಳ್ತಾರೆ. ಕಾರಂತರು ಹೋರಾಡಿದ ಕಾಲಕ್ಕೆ ಈ ವಾದ ನಮ್ಮಲ್ಲಿ ಇನ್ನೂ ಬಂದೇ ಇರಲಿಲ್ಲ. ಬಂದಿದ್ದರೂ ತ್ಯಾಜ್ಯ ಎಲ್ಲಿಡ್ತೀರಿ ಅನ್ನೋ ಪ್ರಶ್ನೆ ಹಾಗೇ ಇರ್ತಿತ್ತು, ಇವತ್ತಿಗೂ ಇದೆ. ಕೈಗಾದಲ್ಲಿ ಇನ್ನೆರಡು 700 ಮೆಗಾವ್ಯಾಟ್ ಘಟಕಗಳಿಗೆ 2019ರಲ್ಲಿ ಪರಿಸರ ಅನುಮತಿ ಸಿಕ್ಕಿದೆ. ಹಳೇ ಪ್ರಶ್ನೆಗಳಿಗೆ ಹೊಸ ಉತ್ತರ ಕೇಳಬೇಕಾದವರಲ್ಲಿ ಈಗ ಕಿತ್ತೂರಿನ ಮತದಾರರೂ ಸೇರಿದ್ದಾರೆ, ಕ್ಷೇತ್ರ ಒಂದೇ ಆಗಿರೋದರಿಂದ.

ಕಾರಂತರ ಜಿದ್ದು ವಿದ್ಯುತ್ತಿನ ಮೇಲೆ ಇರಲಿಲ್ಲ ಅನ್ನೋದು ಅವರ ಬದುಕು ನೋಡಿದರೆ ಗೊತ್ತಾಗ್ತದೆ. ಕಾಡಿನ ಮನೆಯಲ್ಲೂ ದೀಪ ಬೇಕು ಅಂತ ಬಲ್ಲವರು. ಅಣುವಿನ ಬಗ್ಗೆ ಕನ್ನಡದ ಮಕ್ಕಳಿಗೆ ಮೊದಲು ಹೇಳಿಕೊಟ್ಟವರಲ್ಲಿ ಅವರೂ ಒಬ್ಬರು. ಜಿದ್ದು ಇದ್ದದ್ದು ಮುಚ್ಚಿಟ್ಟ ಫೈಲಿನ ಮೇಲೆ.

ಈ ಫೈಲಿನ ಮಾತು ಬಂದರೆ ಮಲಪ್ರಭೆ ನೆನಪಾಗದೆ ಇರೋದಿಲ್ಲ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿ ಬೈಲಹೊಂಗಲ ಸೀಮೆ ಹಾದು ಸವದತ್ತಿಯ ನವಿಲುತೀರ್ಥದ ಅಣೆಕಟ್ಟಿಗೆ ಬಂದು, ಅಲ್ಲಿಂದ ರಾಮದುರ್ಗಕ್ಕೆ ಇಳಿಯೋ ಹೊಳೆ. 37.73 ಟಿಎಂಸಿ ಹಿಡಿಯೋ ಅಣೆಕಟ್ಟು ಎಷ್ಟೋ ವರ್ಷ ತುಂಬೋದೇ ಇಲ್ಲ. 2019ರ ಆಗಸ್ಟ್‌ನಲ್ಲಿ ತುಂಬಿ ನೀರು ಬಿಟ್ಟಾಗ ರಾಮದುರ್ಗದ ಅಂಗಡಿ, ಮನೆ, ನೇಕಾರರ ಮಗ್ಗ ನೀರು ಪಾಲಾದವು. ನಾಲ್ಕೇ ವರ್ಷಕ್ಕೆ 2023ರಲ್ಲಿ ರಾಜ್ಯದ 236 ತಾಲೂಕಿನಲ್ಲಿ 223 ತಾಲೂಕನ್ನ ಬರಪೀಡಿತ ಅಂತ ಘೋಷಿಸಬೇಕಾಯ್ತು. ಹೆಸರು ಒಣಗಿತು, ಸೋಯಾಬೀನ್ ಹೋಯ್ತು, ಗೊಬ್ಬರದ ಅಂಗಡಿಯ ಉದ್ರಿ ಹಾಗೇ ಉಳಿಯಿತು. ಎರಡೂ ಸಲ ಚರ್ಚೆ ಆದದ್ದು ಪರಿಹಾರ ಯಾವ ಸರಕಾರ ಎಷ್ಟು ಕೊಟ್ಟಿತು ಅಂತ. ಮಳೆ ಯಾಕೆ ಹೀಗೆ ಆಗ್ತಿದೆ, ಮುಂದಿನ ಸಲಕ್ಕೆ ಏನು ತಯಾರಿ ಅಂತ ಗ್ರಾಮಸಭೆಯಲ್ಲಿ ಕೇಳಿದವರನ್ನ ಹುಡುಕಬೇಕು.

ಹೊಳೆ ಹುಟ್ಟೋ ಕಾಡಿನ ಕಥೆಯೂ ಅಷ್ಟೇ. ಪಶ್ಚಿಮ ಘಟ್ಟದ ಬಗ್ಗೆ ಮಾಧವ ಗಾಡ್ಗೀಳರ ಸಮಿತಿ 2011ರಲ್ಲಿ ವರದಿ ಕೊಟ್ಟಿತು. ಅದು ಬಹಳ ಕಠಿಣ ಆಯ್ತು ಅಂತ ಕಸ್ತೂರಿರಂಗನ್ ಸಮಿತಿ 2013ರಲ್ಲಿ ಇನ್ನೊಂದು ಕೊಟ್ಟಿತು. ಖಾನಾಪುರದ ಹಳ್ಳಿಗಳೂ ಅದರಲ್ಲಿವೆ. ಬಿಜೆಪಿ ಸರಕಾರ ಇದ್ದಾಗಲೂ ಬೇಡ ಅಂದರು, ಕಾಂಗ್ರೆಸ್ ಸರಕಾರ 2024ರ ಸೆಪ್ಟೆಂಬರ್‌ನಲ್ಲಿ ಸಂಪುಟ ಸಭೆ ಮಾಡಿ ಬೇಡ ಅಂದಿತು. ಬೇರೆ ಯಾವ ವಿಷಯಕ್ಕೂ ಒಂದಾಗದವರು ಇದಕ್ಕೆ ಒಂದಾದರು. ಹಳ್ಳಿಯವರ ಭಯ ಸುಳ್ಳಲ್ಲ, ಮನೆ ಕಟ್ಟಲಿಕ್ಕೂ ಬಿಡೋದಿಲ್ಲ ಅಂತ ಅವರಿಗೆ ಹೇಳಿದವರಿದ್ದಾರೆ. ವರದಿಯನ್ನ ಕನ್ನಡದಲ್ಲಿ, ಅವರಿಗೆ ತಿಳಿಯೋ ಹಾಗೆ ಕೂತು ಬಿಡಿಸಿ ಹೇಳಿದವರು ಮಾತ್ರ ಕಡಿಮೆ. ಆ ಕೆಲಸ ಮಾಡಬಲ್ಲವರಾಗಿದ್ದ ಮುದುಕರು ಆಗ ಇರಲಿಲ್ಲ.

ಹಾಗಂತ ಕಳಸಾ ಬಂಡೂರಿ ವಾದಕ್ಕೆ ಈಗ ಕಾರಂತರ ಹೆಸರು ಎಳೆದು ತಂದು ಆ ಕಡೆಗೋ ಈ ಕಡೆಗೋ ನಿಲ್ಲಿಸೋದು ಸರಿಯಲ್ಲ. ಮಹದಾಯಿ ನ್ಯಾಯಮಂಡಳಿ 2018ರಲ್ಲಿ ಕಳಸಾ ಬಂಡೂರಿಗೆ 3.9 ಟಿಎಂಸಿ ಕೊಟ್ಟಿದೆ, ಕುಡಿಯೋ ನೀರಿನ ಹಕ್ಕು ಈ ಭಾಗದವರದು. ಆ ನೀರು ಬರೋದು ಘಟ್ಟದ ಕಾಡಿನಿಂದ ಅನ್ನೋದೂ ಅಷ್ಟೇ ನಿಜ. ಒಂದನ್ನ ಹೇಳುವಾಗ ಇನ್ನೊಂದನ್ನ ಮುಚ್ಚಿಡೋದು ಮಾತ್ರ ಕಾರಂತರ ರೀತಿ ಆಗಿರಲಿಲ್ಲ.

ಕೊನೆಯ ವರ್ಷಗಳಲ್ಲಿ ಕಾರಂತರು ಕೋಟದ ಪಕ್ಕದ ಸಾಲಿಗ್ರಾಮದಲ್ಲಿ ಇದ್ದರು. ತೊಂಬತ್ತು ದಾಟಿದ ಮೇಲೂ ಬರವಣಿಗೆ ನಿಲ್ಲಲಿಲ್ಲ, ಹಕ್ಕಿಗಳ ಬಗ್ಗೆಯೂ ಪುಸ್ತಕ ಬರೆದವರು ಅವರು. 1997ರ ಡಿಸೆಂಬರ್ 9ರಂದು ಮಣಿಪಾಲದ ಆಸ್ಪತ್ರೆಯಲ್ಲಿ ತೀರಿಕೊಂಡರು. 95 ವರ್ಷ. ಅದೇ ವಾರ ಜಪಾನಿನ ಕ್ಯೋಟೋದಲ್ಲಿ ದೇಶದೇಶಗಳ ಪ್ರತಿನಿಧಿಗಳು ಹೊಗೆ ಯಾರು ಎಷ್ಟು ಇಳಿಸಬೇಕು ಅಂತ ಜಗಳಾಡ್ತಾ ಕೂತಿದ್ದರು. ಒಪ್ಪಂದ ಆದದ್ದು ಎರಡು ದಿನ ಬಿಟ್ಟು, ಡಿಸೆಂಬರ್ 11ಕ್ಕೆ. ಅಮೆರಿಕ ಸಹಿ ಹಾಕಿತು, ಆದರೆ ಅಲ್ಲಿನ ಸಂಸತ್ತಿನ ಒಪ್ಪಿಗೆ ಕೊನೆವರೆಗೂ ಸಿಗಲೇ ಇಲ್ಲ.